ದ್ರಾವ್ಯ, ದ್ರಾವಕ, ದ್ರಾವಣ ಮತ್ತು ನಾನು

ಮಾಸ್ತರಿಕೆ ಮಾಡುವವನು ನಗೆಪಾಟಲಾಗಲು ದೂರ ಹೋಗಬೇಕಾಗಿಲ್ಲ, ಬೋರ್ಡಿನ ಮುಂದೆ ನಿಂತರೆ ಸಾಕು. ನನಗಂತೂ ಅದು ವಾರಕ್ಕೊಮ್ಮೆ ಆಗುತ್ತಿತ್ತು. ಆಗಿನ್ನೂ ಇಂಗ್ಲಿಷರ ರಾಜ್ಯ. ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ವರ್ಗವಾಗುತ್ತ, ಕನ್ನಡ ಸಾಲಿಯ ಏಳನೇ ಇಯತ್ತೆಗೆ ವಿಜ್ಞಾನ ಕಲಿಸುತ್ತಿದ್ದೆ. ನಾನು ಕಲಿತದ್ದು ಇಂಗ್ಲಿಷಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಮೇಲಿನಿಂದ ಹೊಸ ಶಬ್ದಗಳ ಪಟ್ಟಿ ಬಂತು: ಕರಗುವುದು ದ್ರಾವ್ಯ, ಕರಗಿಸುವುದು ದ್ರಾವಕ, ಎರಡೂ ಕೂಡಿದ್ದು ದ್ರಾವಣ. ಮೂರೂ ಒಂದೇ ಮುಖದ ಅಣ್ಣತಮ್ಮಂದಿರು. ಯಾರು ಯಾರೆಂದು ಗುರುತು ಹಿಡಿಯುವುದರಲ್ಲೇ ನನ್ನ ಅರ್ಧ ನೌಕರಿ ಮುಗಿಯಿತು.

೧. ಪತ್ತಾರರ ಮನೆಯ ನೀರು

ಗೋಕಾಕದಲ್ಲಿ ಮೊದಲ ಪಾಠ. "ನೀರಿನಂಥ ದ್ರಾವಕ ಇನ್ನೊಂದಿಲ್ಲ" ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಹತ್ತು ಸಲ ಅನ್ನಿಸಿದೆ. ಮರುದಿನ ಬಾಗಿಲು ತೆಗೆಯುವ ಮೊದಲೇ ಬಂಗಾರದ ಕೆಲಸದ ಪತ್ತಾರರೊಬ್ಬರು ಬಂದು ನಿಂತಿದ್ದರು. ತುಟಿ ಒಣಗಿತ್ತು.

"ಮಾಸ್ತರ, ನೀರು ದ್ರಾವಕ ಅಂತ ಹೇಳೀರೇನ್ರಿ?"

"ಹೌದ್ರಿ. ಪುಸ್ತಕದಾಗ ಹಂಗ ಐತಿ."

ಅವರು ತಲೆ ಹಿಡಿದುಕೊಂಡರು. ಪತ್ತಾರರ ಮನೆಯಲ್ಲಿ ದ್ರಾವಕವೆಂದರೆ ಬಂಗಾರ ತೊಳೆಯುವ ತೇಜಾಬು, ಅಂದರೆ ಆ್ಯಸಿಡ್. ಒಂದು ಹನಿ ಸಿಡಿದರೆ ಸೀರೆಗೆ ತೂತು. ನನ್ನ ಇಯತ್ತೆಯಲ್ಲಿದ್ದ ಅವರ ಮಗಳು ಮನೆಗೆ ಹೋಗಿ ಪಾಠ ಒಪ್ಪಿಸಿದ್ದೇ ತಡ, ಪತ್ತಾರರ ತಾಯಿ ಕೊಡ, ಹಂಡೆ, ತಂಬಿಗೆ ಎಲ್ಲ ಅಂಗಳಕ್ಕೆ ಸುರುವಿದ್ದರು. "ಮಾಸ್ತರು ಸುಳ್ಳ ಹೇಳತಾರೇನು?" ಅನ್ನುತ್ತ ಯಾರಿಗೂ ನೀರು ಮುಟ್ಟಗೊಟ್ಟಿರಲಿಲ್ಲ.

ಆ ದ್ರಾವಕ ಬೇರೆ, ಈ ದ್ರಾವಕ ಬೇರೆ ಎಂದು ಬಹಳ ಹೊತ್ತು ಬಿಡಿಸಿ ಹೇಳಿದೆ. ಎಲ್ಲ ಕೇಳಿ ಅವರು ಮೆಲ್ಲಗೆ ಅಂದರು:

"ನನಗ ತಿಳೀತ್ರಿ. ನಮ್ಮವ್ವಗ ತಿಳಿಯೂತನಕ ಒಂದು ತಂಬಗಿ ದ್ರಾವಕ ಕೊಡ್ರಿ, ಇಲ್ಲೇ ಕುಡಿದು ಹೋಗತೀನಿ."

೨. ಹೊಟ್ಟೆ ತುಂಬಿದ ನೀರು

ನೀರಿಗೆ ಸಕ್ಕರೆ ಹಾಕುತ್ತ ಹೋದರೆ ಒಂದು ಹೊತ್ತಿಗೆ ಕರಗುವುದು ನಿಲ್ಲುತ್ತದೆ. ಪಟ್ಟಿಯಲ್ಲಿ ಅದಕ್ಕೆ 'ಸಂತೃಪ್ತ ದ್ರಾವಣ' ಎಂದಿತ್ತು. ಮೂಡಲಗಿಯ ಮಕ್ಕಳು ಬಾಯಿ ತೆರೆದು ಕೂತರು. "ಸಂತೃಪ್ತ ಅಂದ್ರ ಹೊಟ್ಟಿ ತುಂಬಿದ್ದು" ಎಂದು ಹೇಳಿ, ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಪರೀಕ್ಷೆಯಲ್ಲಿ ಕೇಳಿದೆ: ದ್ರಾವಣ ಸಂತೃಪ್ತವಾಯಿತೆಂದು ಹೇಗೆ ತಿಳಿಯುತ್ತದೆ? ತಳದಲ್ಲಿ ಸಕ್ಕರೆ ಉಳಿಯುತ್ತದೆ ಎಂಬ ಉತ್ತರಕ್ಕೆ ಕಾದಿದ್ದೆ. ಮೊದಲ ಪೇಪರಿನಲ್ಲಿ "ತೇಗುತ್ತದೆ" ಎಂದಿತ್ತು. ಎರಡನೆಯದರಲ್ಲೂ ತೇಗುತ್ತದೆ. ಅದರ ಕೆಳಗಿನದರಲ್ಲಿ "ಎರಡು ಸಲ ತೇಗುತ್ತದೆ."

ದಿಕ್ಕು ತೋಚದೆ ಹೆಡ್ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಗಂಭೀರವಾಗಿ ವಿಚಾರ ಮಾಡಿದರು.

"ಪೂರಾ ತಪ್ಪು ಅನ್ನಾಕ ಬರೂದಿಲ್ರಿ. ಗೋಲಿ ಸೋಡಾ ತೇಗತೈತಲ್ಲ? ಅರ್ಧಾ ಮಾರ್ಕ ಕೊಡ್ರಿ."

೩. ಕಾಂಪೌಂಡರರ ಸಂಕಟ

ಹುಕ್ಕೇರಿಯಲ್ಲಿ ನನ್ನ ಬಾಜೂ ಮನೆಯವರು ದವಾಖಾನೆಯ ಕಾಂಪೌಂಡರು. ಡಾಕ್ಟರು ಚೀಟಿ ಬರೆದಂತೆ ಔಷಧ ಕಲಸಿ ಕೊಡುವ ಕೆಲಸ. ಒಂದು ಸಂಜೆ ಕಟ್ಟೆಯ ಮೇಲೆ ಅವರಿಗೆ ನನ್ನ ವಿದ್ಯೆ ತೋರಿಸಿದೆ: ಕೂಡಿಸಿದ್ದನ್ನು ಮತ್ತೆ ಸುಲಭವಾಗಿ ಬೇರೆ ಮಾಡಲು ಬಂದರೆ ಅದು ಮಿಶ್ರಣ, ಮಿಕ್ಸ್ಚರ್. ಎರಡು ಕೂಡಿ ಮೂರನೆಯದೇ ವಸ್ತುವಾದರೆ ಅದು ಸಂಯುಕ್ತ, ಕಾಂಪೌಂಡ್.

ಅವರ ಮುಖ ಇಳಿಯಿತು.

"ನಾ ಬಾಟ್ಲ್ಯಾಗ ಹಾಕಿ ಕೊಡೂದು ಮಿಕ್ಸ್ಚರ್ ಅಲ್ಲೇನ್ರಿ?"

"ಹೌದ್ರಿ."

"ಮತ್ತ ನಾ ಕಾಂಪೌಂಡರ್ ಹೆಂಗಾದ್ನಿರಿ?"

ಮೂರು ದಿನ ಅವರಿಗೆ ಊಟ ಸೇರಲಿಲ್ಲ. ಕೊನೆಗೆ ಡಾಕ್ಟರರನ್ನೇ ಕೇಳಿದರು. ಹೊರಗೆ ರೋಗಿಗಳ ಗದ್ದಲ. ಡಾಕ್ಟರು ಕಿಟಕಿಯಾಚೆ ಕೈ ಮಾಡಿ, "ದವಾಖಾನಿ ಸುತ್ತ ಗೋಡಿ ಐತಲ್ಲ, ಅದು ಕಾಂಪೌಂಡ್. ಅದರೊಳಗ ಇರಾಂವ ಕಾಂಪೌಂಡರ್. ಹೋಗು, ಔಷಧ ಕಲಸು" ಅಂದರಂತೆ.

ಇದನ್ನು ಹೇಳುವಾಗ ಅವರ ಮುಖದಲ್ಲಿ ಕಳೆ ಬಂದಿತ್ತು. ಆಮೇಲೆ ಒಮ್ಮೆಲೇ ನನ್ನ ಕಿವಿಯ ಹತ್ತಿರ ಬಂದರು:

"ಹಂಗಾರ ಡಾಕ್ಟರ್ರೂ ಕಾಂಪೌಂಡರ್ ಆದ್ರಲ್ರಿ!"

೪. ಸಾಹೇಬರ ಬಾಯಾರಿಕೆ

ಅದೇ ಹುಕ್ಕೇರಿಯಲ್ಲಿ ಸಾಲಿ ತಪಾಸಣೆಗೆ ಡೆಪ್ಯುಟಿ ಸಾಹೇಬರು ಬಂದರು. ನನ್ನ ನೌಕರಿ ಕಾಯಂ ಆಗುವುದು ಅವರು ವರದಿಯಲ್ಲಿ ಬರೆಯುವ ಶೇರಾದ ಮೇಲಿತ್ತು. ಮೇಜಿನ ಮೇಲೆ ಒಂದು ಬಟ್ಟಲಲ್ಲಿ ಉಪ್ಪು, ಒಂದು ಗ್ಲಾಸಿನಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು ಕರಗಿದ ನೀರು ಇಟ್ಟು ದ್ರಾವ್ಯ, ದ್ರಾವಕ, ದ್ರಾವಣ ಎಂದು ಚೀಟಿ ಅಂಟಿಸಿದ್ದೆ. ಎರಡು ಗ್ಲಾಸೂ ನೋಡಲು ಒಂದೇ. ಗಡಿಬಿಡಿಯಲ್ಲಿ ಅವುಗಳ ಚೀಟಿ ಅದಲಬದಲಾದದ್ದು ನನಗೆ ಗೊತ್ತಾಗಲಿಲ್ಲ.

ಬಿಸಿಲಲ್ಲಿ ಟಾಂಗಾದಿಂದ ಇಳಿದ ಸಾಹೇಬರು ಸೀದಾ ಮೇಜಿನ ಹತ್ತಿರ ಬಂದರು. ಆ ಹೊಸ ಶಬ್ದಗಳ ಪಟ್ಟಿಯನ್ನು ಪೂರಾ ಬಾಯಿಪಾಠ ಮಾಡಿದವರು ಜಿಲ್ಲೆಯಲ್ಲಿ ಬಹುಶಃ ಅವರೊಬ್ಬರೇ.

"ದ್ರಾವಕ. ಅಂದ್ರ ನೀರು. ಹೌದಲ್ಲೋ ಮಾಸ್ತರ?" ಎಂದವರೇ ಆ ಚೀಟಿಯ ಗ್ಲಾಸು ಎತ್ತಿ ಗಟಗಟ ಕುಡಿದರು.

ಕಣ್ಣು ಹೊರಗೆ ಬಂದವು. ಕೆಮ್ಮು ನಿಲ್ಲಲಿಲ್ಲ. "ತಪ್ಪಾತ್ರಿ ಸಾಹೇಬ್ರ, ಅದು ದ್ರಾವ್ಯ... ಅಲ್ಲ, ದ್ರಾವಕ... ಅಲ್ಲರಿ..." ಎಂದು ತೊದಲಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ದ್ರಾವಣರಿ" ಅಂದಳು.

ಶಿಪಾಯಿ ಓಡಿ ಹೋಗಿ ತಂಬಿಗೆ ತುಂಬ ನೀರು ತಂದ. ಸಾಹೇಬರು ಈ ಸಲ ನನ್ನ ಕಡೆ ನೋಡಲೂ ಇಲ್ಲ. ತಂಬಿಗೆಯನ್ನು ಆ ಹುಡುಗಿಯ ಮುಂದೆ ಹಿಡಿದರು.

"ನೀನ ಹೇಳವಾ, ಇದೇನು?"

"ನೀರ್ರಿ."

"ದ್ರಾವಕ ಅಲ್ಲೇನು?"

ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಸಾಹೇಬರನ್ನು ನೋಡಿ ಹೇಳಿದಳು:

"ಪರೀಕ್ಷಾದಾಗ ದ್ರಾವಕರಿ. ಕುಡಿಯಾಕ ನೀರ್ರಿ."