ಅಮೋನಿಯಾ ಸೀಸೆ ಮತ್ತು ನನ್ನ ಮಾನ

ಪ್ರಯೋಗ ಕೈಕೊಟ್ಟು ಮಾನ ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮಾನ ಹೋಗಿರುವುದೆಲ್ಲ ಪ್ರಯೋಗ ಕೈಗೂಡಿದಾಗಲೇ.

೧. ಫಿನಾಯಿಲು

ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದೆ. ಈರುಳ್ಳಿ ಹೊಲಕ್ಕೆ ಸುರಿದ ಗೊಬ್ಬರ ಬಾವಿಗಿಳಿದು ನೀರೆಲ್ಲ ನೈಟ್ರೇಟು. ಹಸುಗೂಸುಗಳಿಗೆ ಅದು ಒಳ್ಳೇದಲ್ಲ. ಆ ನೀರಿಗೆ ತಾಮ್ರದ ತಗಡು ಇಳಿಬಿಟ್ಟು ಬ್ಯಾಟರಿ ಕರೆಂಟು ಹರಿಸಿದರೆ ನೈಟ್ರೇಟು ಅಮೋನಿಯಾ ಆಗುತ್ತೆ, ಅದನ್ನು ಮತ್ತೆ ಗೊಬ್ಬರ ಮಾಡಬಹುದು ಅನ್ನೋದು ನನ್ನ ಹುಚ್ಚು. ನೀರು ಕುದಿಸಿ ಇಂಗಿಸಿ ತಿಂಗಳುಗಟ್ಟಲೆ ಒದ್ದಾಡಿದೆ. ಒಂದು ಬೆಳಿಗ್ಗೆ ಗಪ್ಪಂತ ಅಮೋನಿಯಾ ನಾತ ಬಂತು, ಥೇಟ್ ಉಚ್ಚೆಯದೇ ನಾತ. ಕುಣಿದಾಡುವುದೊಂದು ಬಾಕಿ.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. ಯಾವನೋ ಹುಡುಗ ಮೂಲೆಯಲ್ಲೇ ಕೆಲಸ ಮುಗಿಸಿದ್ದಾನೆ ಅಂತ ಅಟೆಂಡರನ್ನು ಕೂಗಿ ಲ್ಯಾಬಿಗೆಲ್ಲ ಫಿನಾಯಿಲು ಸುರಿಸಿದರು. ನಾನೂ ಮೂಗು ಮುಚ್ಚಿಕೊಂಡು "ಈಗಿನ ಹುಡುಗರೇ ಹಿಂಗೆ ಸಾರ್" ಅಂದೆ.

೨. ಬಸ್ಸು

ಆ ನೀರನ್ನು ಸೀಸೆಗೆ ತುಂಬಿಕೊಂಡು ಚಾಮರಾಜನಗರದ ಆಫೀಸರೊಬ್ಬರಿಗೆ ತೋರಿಸಲು ಹೊರಟೆ. ಬಸ್ಸಿನ ಕುಲುಕಾಟಕ್ಕೆ ಬಿರಡೆ ಸಡಿಲಾಗಿ ಅರ್ಧ ನೀರು ನನ್ನ ಪ್ಯಾಂಟಿನ ಮೇಲೆ. ಪಕ್ಕದಲ್ಲಿದ್ದ ಅಜ್ಜಿ ಪ್ಯಾಂಟು ನೋಡಿದರು, ಆಮೇಲೆ ಮುಖ ನೋಡಿದರು.

"ನಾಚ್ಕೋಬ್ಯಾಡ ಕಣಪ್ಪ, ನಮ್ಮೆಜಮಾನ್ರಿಗೂ ಇಂಗೇ ಆಗದು" ಅಂದವರೇ, ಡ್ರೈವರನ್ನು ಕೂಗಿ ತೆರಕಣಾಂಬಿ ದಾಟುತ್ತಲೇ ಬಸ್ಸು ನಿಲ್ಲಿಸಿದರು. ಕೆಮಿಸ್ಟ್ರಿ ಹೇಳಲು ಬಾಯಿ ತೆರೆದೆ. ಬಸ್ಸಿಗೆ ಬಸ್ಸೇ ನನ್ನ ಪ್ಯಾಂಟು ನೋಡುತ್ತಿತ್ತು. ಸುಮ್ಮನೆ ಇಳಿದು, ಹುಣಸೆಮರದ ಹಿಂದೆ ಒಂದಷ್ಟು ಹೊತ್ತು ನಿಂತು, ವಾಪಸ್ ಹತ್ತಿದೆ.

೩. ನೀರಿನ ಲೋಟ

ಮುಂದಿನ ತಿಂಗಳು ಉಡಿಗಾಲಕ್ಕೆ ಹೆಣ್ಣು ನೋಡಲು ಹೋದೆವು. ಅದುವರೆಗೆ ಬಂದ ಸಂಬಂಧವೆಲ್ಲ ಮುರಿದಿತ್ತು; ಇದಾದರೂ ಕೂಡಿಬರಲಿ ಅಂತ ಅಮ್ಮ ಹರಕೆ ಹೊತ್ತಿದ್ದರು. ಹುಡುಗಿ ನೀರಿನ ಲೋಟ ಹಿಡಿದು ಬಂದಳು. ನೋಡಿದೊಡನೆ ಒಪ್ಪಿಬಿಟ್ಟೆ. ಹಿಂದೆಯೇ ಅವಳಜ್ಜಿ ಬಂದರು. ಬಸ್ಸಿನ ಅಜ್ಜಿ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಜ್ಜಿ ನನ್ನ ಗುರುತು ಹಿಡಿದು, ಮೊಮ್ಮಗಳ ಕೈಯಿಂದ ಲೋಟ ಈಸಿಕೊಂಡು ಅತ್ತ ಇಟ್ಟರು. "ನೀರ್ ಬ್ಯಾಡ ಬುಡವ್ವ, ಪಾಪ, ವಾಪಸ್ ಬಸ್ಸಲ್ಲೇ ಓಗ್ಬೇಕು."

ಅಮ್ಮ ನನ್ನ ಮುಖ ನೋಡಿದರು. ನಾನು ಎದ್ದು ನಿಂತು, ಬೆವರುತ್ತಾ, ಬಾವಿ, ನೈಟ್ರೇಟು, ತಾಮ್ರ, ಸೀಸೆ ಎಲ್ಲ ವಿವರಿಸಿದೆ. ಅಜ್ಜಿ ಪ್ರತಿ ಮಾತಿಗೂ ತಲೆಯಾಡಿಸಿದರು. ಕೊನೆಗೆ ತಮ್ಮ ಮಗ, ಅಂದರೆ ಹುಡುಗಿಯ ಅಪ್ಪನ ಕಡೆ ತಿರುಗಿ, "ಸುಳ್ಳೇಳಿದ್ರೂ ಎಷ್ಟು ಚೆಂದಾಗೇಳ್ತಾನೆ ನೋಡ್ಲಾ. ಮಾನಸ್ತ ಕಣ, ಕೊಟ್ಬುಡನ" ಅಂದರು.

ಮದುವೆಯಾಯಿತು. ನನ್ನ ಕೆಮಿಸ್ಟ್ರಿಯನ್ನು ಪೂರ್ತಿ ನಂಬುತ್ತೇನೆ ಅಂತಲೇ ಹೆಂಡತಿ ಹೇಳುತ್ತಾಳೆ. ಆದರೆ ಇವತ್ತಿಗೂ ಬಸ್ಸು ಹತ್ತುವ ಮುಂಚೆ, ನಾಲ್ಕು ಜನರ ಎದುರೇ, "ಹೋಗಿ ಬಂದ್ರಾ?" ಅಂತ ಕೇಳುತ್ತಾಳೆ.