ಆರು ಸಿಲಿಂಡರಿನ ಗಾಡಿಯೂ ಪದ್ಮವ್ವನ ಬುತ್ತಿಯೂ

ಗಂಡಸಿಗೆ ಯಾವುದಾದರೂ ಒಂದು ಒಣ ಜಂಬ ಇರಲೇಬೇಕು; ಇಲ್ಲದಿದ್ದರೆ ಹೆಂಡತಿಗೆ ಮಾತಾಡಲು ವಿಷಯವೇ ಸಿಗುವುದಿಲ್ಲ. ನನ್ನ ಜಂಬ ಆರು ಸಿಲಿಂಡರಿನದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಗೋಕಾಕದಲ್ಲಿ ಅಲ್ಲೊಂದು ಇಲ್ಲೊಂದು ಮೋಟಾರು ಕಾಣುತ್ತಿದ್ದ ಕಾಲದಲ್ಲಿ ಅರಳೆ ವ್ಯಾಪಾರಿಯಾದ ನಾನು ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಹಳೆಯ ಗಾಡಿಯೊಂದನ್ನು ಕೊಂಡಿದ್ದೆ. ಉಳಿದವರವು ನಾಲ್ಕು ಸಿಲಿಂಡರಿನವು, ನನ್ನದು ಆರು. ಆರರಿಂದ ಏನು ಹೆಚ್ಚಿನ ಲಾಭ ಎಂದು ಕೇಳಿದ್ದರೆ ನಾನು ಬೆಬ್ಬೆಬ್ಬೆ ಎನ್ನಬೇಕಾಗುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಗಾಡಿಗೆ ಇದ್ದದ್ದು ಒಂದೇ ದುರ್ಗುಣ: ತಾನಾಗಿ ಏಳುತ್ತಿರಲಿಲ್ಲ. ಕಾಲಬುಡದ ಗುಂಡಿ ಒತ್ತಿದರೆ ಒಳಗೆ ಕರಕರನೆ ಹಲ್ಲು ಕಡಿದು ಸುಮ್ಮನಾಗುತ್ತಿತ್ತು. ಮುಂದೆ ನಿಂತು ಹ್ಯಾಂಡಲ್ ತಿರುವೋಣವೆಂದರೆ ಆರೂ ಸಿಲಿಂಡರುಗಳು ಒಟ್ಟಾಗಿ ನನ್ನ ರಟ್ಟೆಯನ್ನೇ ತಿರುವುತ್ತಿದ್ದವು. ಹೀಗಾಗಿ ನೂಕಿಸಿಕೊಂಡೇ ಓಡಾಡುತ್ತಿದ್ದೆ. ನಾನು ಅಂಗಡಿಯಿಂದ ಹೊರಬಿದ್ದರೆ ಕೆಲವರು ಕೇಳದೆಯೇ ತೋಳು ಮಡಿಚುತ್ತಿದ್ದರು, ಕೆಲವರು ಕೇಳುವ ಮೊದಲೇ ಸಂದಿ ಹಿಡಿಯುತ್ತಿದ್ದರು. ಮಗಳನ್ನು ಮೂಡಲಗಿಗೆ ಕೊಟ್ಟ ಮೇಲೆ ಒಮ್ಮೆ ಬೀಗರೇ ಕಚ್ಚೆ ಬಿಗಿದು ನೂಕಿದರು. ಅವತ್ತು ಮನೆಗೆ ಬಂದ ನನ್ನ ಹೆಂಡತಿ ಪದ್ಮವ್ವ ತೀರ್ಪು ಕೊಟ್ಟುಬಿಟ್ಟಳು:

"ಬೀಗರ ಕೈಲೆ ನೂಕಿಸ್ಕೊಳ್ಳೋ ಗಾಡ್ಯಾಗ ನಾ ಇನ್ನ ಕಾಲಿಡಂಗಿಲ್ರಿ. ಮಗಳನ್ನ ನೋಡಾಕ ಚಕ್ಕಡ್ಯಾಗ ಹೊಕ್ಕೇನಿ."

ಸಾಹುಕಾರ ಆರು ಸಿಲಿಂಡರಿನ ಮೇಲೆ, ಸಾಹುಕಾರ್ತಿ ಎರಡೆತ್ತಿನ ಹಿಂದೆ! ಮರುದಿನವೇ ಹುಸೇನ್ ಮೇಸ್ತ್ರಿಯನ್ನು ಕರೆಸಿದೆ. ಅವನು ಗಾಡಿಯ ಕೆಳಗೆ ಹೊಕ್ಕು ಹೊರಬಂದು, "ಸ್ಟಾರ್ಟರ್ ಮೋಟಾರಿನ ಹಲ್ಲು ಸವದಾವ್ರಿ ಸಾವ್ಕಾರ್ರ. ಕಡ್ಲಿ ಐತಿ, ಹಲ್ಲಿಲ್ಲ. ಬ್ಯಾರೇದ ಹಾಕಬೇಕು" ಎಂದ. ಹೇಳುವಾಗ ನನ್ನ ಬಾಯಿಯನ್ನೇ ನೋಡುತ್ತಿದ್ದನೆಂದು ನನಗೆ ಇಂದಿಗೂ ಗುಮಾನಿ.

ಅಂಥದೇ ಗಾಡಿಯೊಂದು ಹುಕ್ಕೇರಿಯ ನನ್ನ ಗೆಳೆಯನ ದನದ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿತ್ತು. ಅದರ ಮುಂಭಾಗಕ್ಕೆ ಒಂದು ಕರು ಕಟ್ಟಿದ್ದರು. ಕರುವಿಗೆ ಬೇರೆ ಗೂಟ ಹುಡುಕಿಕೊಟ್ಟು ಗಾಡಿಯ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ತಂದೆವು. ಕೂರಿಸುವಾಗ ಮಾತ್ರ ಕೊನೆಯ ಬೋಲ್ಟು ಎಂಜಿನ್ನಿನ ಹಿಂದಿನ ಸಂದಿಯಲ್ಲಿ ಅಡಗಿ ಕುಳಿತಿತು. ಮೇಸ್ತ್ರಿಯ ಮುಷ್ಟಿ ಒಳಗೆ ಹೋಗಲಿಲ್ಲ. ನನ್ನದು ಹೋಯಿತು, ಆದರೆ ಹೊರಗೆ ಬರಲು ಎಣ್ಣೆ ಹಚ್ಚಬೇಕಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪದ್ಮವ್ವ ಕೊನೆಗೆ ಬಳೆಗಳನ್ನು ಮೊಳಕೈವರೆಗೆ ಸರಿಸಿ, "ಸರೀರಿ ಅತ್ತಾಗ. ಸಣ್ಣ ಬಾಯಿ ಗಡಿಗಿ ತೊಳದ ಕೈ ಐತಿ ಇದು" ಎಂದು ಮೂರು ತಿರುವಿಗೆ ಬೋಲ್ಟು ಬಿಗಿದಳು. ಗುಂಡಿ ಒತ್ತಿದೆ. ಗಾಡಿ ಗುರ್ರೆಂದು ಎದ್ದಿತು! ಮೇಸ್ತ್ರಿ ಮಾತ್ರ ಹೋಗುವಾಗ ಎಚ್ಚರಿಸಿದ: "ಒಮ್ಮೆ ಒತ್ತ್ರಿ, ಸಾಕು. ಆಟಾ ಆಡಿದ್ರ ಬ್ಯಾಟರಿ ಸಾಯ್ತೈತಿ." ಹ್ಯಾಂಡಲನ್ನು ನಾನು ಅಟ್ಟಕ್ಕೆ ಎಸೆದೆ. ಇನ್ನು ಅದರ ಹಂಗೇಕೆ?

ಮರುದಿನ ಮೂಡಲಗಿಗೆ ಹೋದೆವು. ಮಗಳಿಗೆ ಕೂಸು ಹುಟ್ಟುವವರೆಗೆ ಅವಳ ಮನೆಯಲ್ಲಿ ಉಣ್ಣುವುದಿಲ್ಲ ಎಂಬುದು ನಮ್ಮ ಮನೆತನದ ಹಟ; ಜೈನರಾದ ನಮಗೆ ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಅದಕ್ಕೇ ಪದ್ಮವ್ವ ಹಿಂತಿರುಗುವಾಗ ದಾರಿಯಲ್ಲಿ ಉಣ್ಣಲು ಬುತ್ತಿ ಕಟ್ಟಿ ತಂದಿದ್ದಳು. "ಹೊತ್ತ ಮುಳುಗೂದ್ರಾಗ ಏಳ್ರಿ" ಎಂದು ಎರಡು ಸಲ ಹೇಳಿದಳು. ಆದರೆ ಜಂಬ ಬಿಡಬೇಕಲ್ಲ! "ಬರ್ರಿ ಬೀಗರ, ನೀವ ಒತ್ತಿ ನೋಡ್ರಿ" ಎಂದೆ. ಬೀಗರು ಒತ್ತಿದರು, ಅವರ ತಮ್ಮ ಒತ್ತಿದ, ಓಣಿಯವರೆಲ್ಲ ಸರದಿಯಲ್ಲಿ ಒತ್ತಿದರು. ಪ್ರತಿಸಲವೂ ನಾನು ಎಂಜಿನ್ ಆರಿಸಿ "ಮುಂದಿನವರು ಬರ್ರಿ" ಎನ್ನುತ್ತಿದ್ದೆ. ಕೊನೆಗೆ ಬೀಗರ ತಾಯಿ, ತೊಂಬತ್ತರ ಮುದುಕಿ, ತನ್ನ ಊರುಗೋಲಿನಿಂದ ಒತ್ತಿದಳು. ಗಾಡಿ ಟಕ್ ಎಂದು ಒಂದೇ ಮಾತು ಹೇಳಿ ಕಣ್ಣು ಮುಚ್ಚಿತು.

ಬೀಗರು ಮತ್ತೆ ಕಚ್ಚೆ ಬಿಗಿದರು. ಪದ್ಮವ್ವ ಹೊತ್ತನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗನ್ನು ಮುಖದ ಮೇಲೆಳೆದುಕೊಂಡು ಗಾಡಿಯಲ್ಲಿ ಕುಳಿತಳು. ಓಣಿಯೇ ನೂಕಿತು.

ದಾರಿಯಲ್ಲಿ ನಾಗನೂರು ದಾಟುವಾಗ ಹೊತ್ತು ಮಾರುದ್ದ ಉಳಿದಿತ್ತು. ಬುತ್ತಿ ಅವಳ ತೊಡೆಯ ಮೇಲೆ, ಹಸಿವು ನನ್ನ ಹೊಟ್ಟೆಯಲ್ಲಿ. ನಿಲ್ಲಿಸಿದರೆ ಎಂಜಿನ್ ಆರುತ್ತದೆ. ಹ್ಯಾಂಡಲ್ ಮನೆಯ ಅಟ್ಟದಲ್ಲಿ; ಆ ಬಯಲಿನಲ್ಲಿ ನೂಕುವವರು ಯಾರು? ನನ್ನ ಎರಡೂ ಕೈ ಸ್ಟಿಯರಿಂಗ್ ಚಕ್ರದ ಮೇಲಿದ್ದವು. "ಇವತ್ತ ಉಪಾಸ ನನಗ" ಎಂದೆ, ಆದಷ್ಟು ದೀನವಾಗಿ.

ಅವಳು ಬುತ್ತಿಯ ಗಂಟು ಬಿಚ್ಚಿ, "ಬಾಯಿ ತಗೀರಿ" ಎಂದಳು.

ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ಅವಳು ನನಗೆ ತುತ್ತಿಟ್ಟಿದ್ದು ಅದೇ ಮೊದಲು. ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ. ಬೆರಳಿನಲ್ಲಿ ನಿನ್ನೆಯ ಗ್ರೀಸಿನ ವಾಸನೆ ಬೇರೆ. ಮೇವಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸರು ನಿಂತು, "ನೋಡವಾ, ಗಂಡಗ ತುತ್ತ ಕೊಡಾಕತ್ತಾಳ!" ಎಂದು ನಕ್ಕರು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಹೊತ್ತು ಮುಳುಗುವವರೆಗೂ ಗಾಡಿಯನ್ನು ಬೇಕೆಂದೇ ನಿಧಾನವಾಗಿ ಓಡಿಸಿದೆ.

ಮುಂದಿನ ತಿಂಗಳು ಮೂಡಲಗಿಗೆ ಹೋದಾಗ ಹ್ಯಾಂಡಲ್ ಅಟ್ಟದಲ್ಲೇ ಇತ್ತು; ಮರೆತದ್ದಲ್ಲ, ನಾನು ಬೇಕೆಂದೇ ಬಿಟ್ಟು ಬಂದದ್ದು. ಹೊರಡುವ ಹೊತ್ತಿಗೆ ನಾನು ಓಣಿಯ ಕಡೆ ತಿರುಗಿ, "ಬರ್ರಿ, ಇನ್ನೊಮ್ಮೆ ಒತ್ತಿ ನೋಡ್ರಿ" ಎಂದು ಕೂಗಿದೆ. ಊರುಗೋಲಿನ ಮುದುಕಿಯೇ ಮೊದಲು ಎದ್ದಳು. ಅಷ್ಟರಲ್ಲಿ ಪದ್ಮವ್ವ ಬೀಗರ ಬಾಗಿಲ ಮುಂದಿನ ಬೇವಿನ ಕಟ್ಟೆಯ ಮೇಲೆ ನಮ್ಮ ಬುತ್ತಿ ಬಿಚ್ಚಿಟ್ಟು, ತಂಬಿಗೆಯಿಂದ ನನ್ನ ಕೈಗೆ ನೀರು ಹಾಕಿದಳು.

"ಮದಲ ಉಣ್ರಿ. ಆಮ್ಯಾಲೆ ಎಷ್ಟ ಬೇಕಾದ್ರೂ ಒತ್ತಿಸ್ರಿ."

ಉಂಡೆ. ನನ್ನ ಕೈಯಿಂದಲೇ ಉಂಡೆ.