ದೊಡ್ಡಮ್ಮನಿಗೆ ಚೀಟಿ ಮಾಡಿಸಿದ್ದು

ಒಂದು ಒಗಟು. ಹತ್ತು ಹೆಂಗಸರು ಕೆರೆಕಟ್ಟೆಯಲ್ಲಿ ಬಸ್ ಹತ್ತಿದರು. ಹತ್ತೂ ಜನಕ್ಕೆ ಮೊಣಕಾಲು ನೋವು. ಕೊಪ್ಪದಲ್ಲಿ ಇಳಿದಾಗ ಒಬ್ಬರೂ ಕುಂಟಲಿಲ್ಲ. ಏನಿದು? ತಲೆ ಕೆರೆದುಕೊಳ್ಳಬೇಡಿ, ನಿಮ್ಮಿಂದ ಆಗುವುದಿಲ್ಲ. ನಮ್ಮಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ನಾನು ಸುಮ್ಮನಿದ್ದರೂ ನಡೆಯುತ್ತದೆ, ಸುಮ್ಮನಿರದಿದ್ದರೆ ಸ್ವಲ್ಪ ಜಾಸ್ತಿ.

೧. ಇಪ್ಪತ್ತು ಮೊಣಕಾಲು

ಊರಿಗೆ ಬಂದ ನರ್ಸಮ್ಮ ಹೆಂಗಸರನ್ನೆಲ್ಲ ಕೂರಿಸಿ, "ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬರ್ತದೆ. ಬೇಗ ಗೊತ್ತಾದ್ರೆ ವಾಸಿ ಮಾಡ್ಬಹುದು. ಕೊಪ್ಪಕ್ಕೆ ಹೋಗಿ ಪರೀಕ್ಷೆ ಮಾಡಿಸಿ" ಎಂದು ಹೇಳಿ ಹೋದರು. ನಮ್ಮ ದೊಡ್ಡಮ್ಮನ ಮುಖ ಸಣ್ಣಗಾಯಿತು. ಅವಳಿಗೆ ಮುಟ್ಟು ನಿಂತು ಎರಡು ವರ್ಷ. ಈಗ ಮತ್ತೆ ರಕ್ತ ಹೋಗುತ್ತಿದೆ ಎಂದು ಅಮ್ಮನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು.

ದೊಡ್ಡಮ್ಮನೂ ಸೇರಿ ಹತ್ತು ಜನ ಹೊರಟರು. ಗಂಡಂದಿರಿಗೆ ಹೇಳಿದ್ದು ಮೊಣಕಾಲು ನೋವು. ಕಂಡಕ್ಟರಿಗೂ ಅದೇ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಗಂಡಸು, ಅವನಿಗೂ ಅದೇ! ಅವನು ಹತ್ತೂ ಜನರನ್ನು ಮೂಳೆ ಡಾಕ್ಟರ ಬಾಗಿಲಿಗೆ ಕಳಿಸಿದ. ಇಪ್ಪತ್ತು ಮೊಣಕಾಲು ತಟ್ಟಿ ಸುಸ್ತಾದ ಡಾಕ್ಟರು, "ನಿಮ್ಮೂರಲ್ಲಿ ಗಂಡಸರಿಗೆ ಕಾಲೇ ಇಲ್ವಾ?" ಎಂದರಂತೆ.

ಹತ್ತು ಜನ ಹತ್ತು ಮುಲಾಮು ಹಿಡಿದು ವಾಪಸ್. ಗಂಡಂದಿರಿಗೆ ಖುಷಿ, ಹಚ್ಚಿಕೊಂಡವರು ಅವರೇ.

೨. ನನ್ನ ಕಾಯಿಲೆ

ದೊಡ್ಡಮ್ಮನ ರಕ್ತ ನಿಲ್ಲಲಿಲ್ಲ. ಮುಂದಿನ ವಾರ ನಾನೇ ಎಳೆದುಕೊಂಡು ಹೋದೆ. ಚೀಟಿಯ ಕಿಟಕಿ ಹತ್ತಿರ ಬಂದದ್ದೇ ಅವಳು ನನ್ನ ಬೆನ್ನ ಹಿಂದೆ ಅಡಗಿದಳು.

"ಯಾರಿಗೆ?"

"ನಂಗೆ," ಎಂದೆ.

"ಎಂತ ತೊಂದರೆ?"

"ಮುಟ್ಟು ನಿಂತು ಎರಡು ವರ್ಷ ಆಗಿತ್ತು ಸಾರ್. ಈಗ ಮತ್ತೆ ರಕ್ತ ಹೋಗ್ತಾ ಉಂಟು."

ನನ್ನ ಚಿಗುರು ಮೀಸೆ ನೋಡಿ ಪೆನ್ನು ನಿಂತಿತು. ಹಿಂದಿನ ಸಾಲೂ ನಿಂತಿತು.

"ವಯಸ್ಸು?"

"ಹದಿನಾರು."

ಅವನು ಕತ್ತು ಉದ್ದ ಮಾಡಿ ನನ್ನ ಹಿಂದಿದ್ದ ಸೆರಗು ನೋಡಿದ. ಲೇಡಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟು, "ಹುಷಾರು ಮಾರಾಯ, ಭಾರ ಎತ್ತಬೇಡ" ಎಂದ.

೩. ಉಪ್ಪು ಖಾರ

ಒಳಗೆ ನಡೆದದ್ದನ್ನು ದೊಡ್ಡಮ್ಮನೇ ಹೇಳಿದ್ದು. ಮಲಗಿಸಿ, ಲೈಟು ಬಿಟ್ಟು, ಗರ್ಭಕೋಶದ ಬಾಯಿಗೆ ಹತ್ತಿಯಲ್ಲಿ ವಿನೆಗರ್ ಹಚ್ಚಿ, ಡಾಕ್ಟರಮ್ಮ ಗಡಿಯಾರ ನೋಡುತ್ತಾ ನಿಂತರಂತೆ. ಹುಳಿ ವಾಸನೆ ಮೂಗಿಗೆ ಬಡಿದು ಇವಳು, "ಉಪ್ಪು ಖಾರ ಯಾವಾಗ ಹಾಕ್ತೀರಿ?" ಎಂದು ಕೇಳಿದಳಂತೆ. ಡಾಕ್ಟರಮ್ಮ ನಗು ತಡೆಯಲಾರದೆ ಇನ್ನೊಂದು ನಿಮಿಷ ಕಾಯಬೇಕಾಯಿತು.

ಆಮೇಲೆ ನಗಲಿಲ್ಲ. ಹಚ್ಚಿದಲ್ಲಿ ಒಂದು ಕಡೆ ಬಿಳಿಯಾಗಿತ್ತು. "ಬಿಳಿ ಅಂದ್ರೆ ಅನುಮಾನ ಅಷ್ಟೆ, ಕ್ಯಾನ್ಸರೇ ಅಂತಲ್ಲ. ಅಕ್ಕಿಕಾಳಿನಷ್ಟು ಮಾಂಸ ತೆಗೆದು ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸ್ತೇನೆ. ಅದರ ವರದಿ ಬಂದ ಮೇಲೇ ಖಾತ್ರಿ."

ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿ ಸೀಟಿಗೆ ಜಗಳವಾಡಲಿಲ್ಲ. ಶೃಂಗೇರಿ ದಾಟಿದ ಮೇಲೆ ಒಂದೇ ಮಾತು: "ಅಕ್ಕಿಕಾಳು ಅಂದ್ರು. ಕುಚ್ಚಲಕ್ಕಿ ಇರ್ಬೇಕು, ಹಾಗೆ ನೋಯ್ತಿದೆ."

೪. ಬಸ್ಸಿನಲ್ಲಿ ಪಾಠ

ವರದಿ ಬಂತು. ಡಾಕ್ಟರಮ್ಮ, "ಕ್ಯಾನ್ಸರ್ ಅಲ್ಲ. ಮುಂದೆ ಆಗಬಹುದಾಗಿದ್ದದ್ದು, ಈಗಲೇ ತೆಗೆದುಬಿಡ್ತೇವೆ" ಎಂದರು. ಚೀಟಿಯವನಿಗೆ ಹೇಳಲು ನಾಚಿದ ಹೆಂಗಸು ತುಂಬಿದ ಬಸ್ಸಿನಲ್ಲಿ ಎದ್ದು ನಿಂತು, ವಿನೆಗರಿನಿಂದ ಹಿಡಿದು ಅಕ್ಕಿಕಾಳಿನವರೆಗೆ ಕೈ ಮಾಡಿ ಮಾಡಿ ತೋರಿಸಿ ಪಾಠ ಮಾಡಿದಳು. ಗಂಡಸರೆಲ್ಲ ಕಿಟಕಿಯಿಂದ ಹೊರಗೆ ತಲೆ ಹಾಕಿದರು. ಹೆಂಗಸರೆಲ್ಲ ಮುಂದಕ್ಕೆ ಬಂದರು. ಡ್ರೈವರು, "ಅಮ್ಮ, ನನ್ನ ಹೆಂಡ್ತಿ ಮುಂದಿನ ಸ್ಟಾಪಲ್ಲಿ ಹತ್ತುತ್ತಾಳೆ, ಮತ್ತೆ ಮೊದಲಿಂದ ಹೇಳಿ" ಎಂದ. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತ.

ಈ ನಾಲ್ಕನೆಯದು ನಾನು ಕಟ್ಟಿದ್ದು. ವರದಿ ಇನ್ನೂ ಬಂದಿಲ್ಲ, ಗುರುವಾರ ಬರ್ತದಂತೆ. ಬರೆದದ್ದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಕಂಡಕ್ಟರ್ ಟಿಕೆಟ್ ಕೊಡೋದು ಮರೆತ ಅಂದ್ರೆ ಯಾರೂ ನಂಬಲ್ಲ ಮಾರಾಯ. ಅದೊಂದು ತೆಗಿ," ಎಂದಳು. "ಉಳಿದದ್ದು ಹಾಗೇ ಇರಲಿ."